ಸಂಶಯದ ಗಂಡನ ಕಥೆ: ಬುನ್ಯುಯೆಲ್‌ನ ‘ಎಲ್’ ನೋಡಿದವರು ಬನ್ನಿ, ಮಾತಾಡೋಣ

ಬಾಲ್ಕನಿ ಟಿಕೆಟ್ | ಶನಿವಾರ ಬೆಳಗ್ಗೆ 9:10

ನಿನ್ನೆ ರಾತ್ರಿ ಊಟ ಮುಗಿಸಿ ಸುಮ್ನೆ ಒಂದು ಹಳೇ ಸಿನಿಮಾ ಹಾಕಿದೆ. ಲೂಯಿಸ್ ಬುನ್ಯುಯೆಲ್ 1953ರಲ್ಲಿ ಮೆಕ್ಸಿಕೋದಲ್ಲಿ ತೆಗೆದ ‘ಎಲ್’. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ‘ಅವನು’. ಒಂದೂವರೆ ಗಂಟೆಯ ಕಪ್ಪು ಬಿಳುಪು ಚಿತ್ರ. ಮುಗಿದ ಮೇಲೆ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯಾ ಅಂತ ಎರಡು ಸಲ ನೋಡಿ ಬಂದೆ. ಯಾಕೆ ಅಂತ ಕೇಳಬೇಡಿ.

ಕಥೆ ಪೂರ್ತಿ ಹೇಳುತ್ತೇನೆ. ಎಪ್ಪತ್ತು ವರ್ಷ ಹಳೇ ಸಿನಿಮಾ, ಸಸ್ಪೆನ್ಸ್ ಹಾಳು ಮಾಡಿದೆ ಅಂತ ಬೈಯಬೇಡಿ.

ಫ್ರಾನ್ಸಿಸ್ಕೋ ದೊಡ್ಡ ಮನುಷ್ಯ. ದುಡ್ಡಿದೆ, ಬಂಗಲೆಯಿದೆ, ಚರ್ಚಿನಲ್ಲಿ ಮರ್ಯಾದೆಯಿದೆ. ಮದುವೆ ಮಾತ್ರ ಆಗಿಲ್ಲ. ಈಸ್ಟರ್‌ಗೆ ಮುಂಚಿನ ಗುರುವಾರ, ಪಾದ ತೊಳೆಯುವ ವಿಧಿ ನಡೀತಿದೆ. ಪಾದ್ರಿ ಹುಡುಗರ ಕಾಲು ತೊಳೆದು ಮುತ್ತಿಡುತ್ತಿದ್ದಾರೆ, ಇವನು ಪಕ್ಕದಲ್ಲಿ ಸಹಾಯಕ್ಕೆ ನಿಂತಿದ್ದಾನೆ. ಕಣ್ಣು ಹಾಗೇ ಮುಂದಿನ ಬೆಂಚಿನವರ ಕಾಲುಗಳ ಸಾಲಿನ ಮೇಲೆ ಹರಿಯುತ್ತದೆ. ಒಂದು ಜೊತೆ ಹೆಂಗಸಿನ ಶೂ ದಾಟಿ ಹೋಗಿ, ಮತ್ತೆ ಹಿಂದಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಆಮೇಲೆ ಮುಖ. ಅವಳೇ ಗ್ಲೋರಿಯಾ. ಇವನ ಗೆಳೆಯ, ಎಂಜಿನಿಯರ್ ರಾವುಲ್ ಮದುವೆಯಾಗಬೇಕಿದ್ದ ಹುಡುಗಿ. ಇವನು ಬೆನ್ನು ಬಿದ್ದು, ಆ ಸಂಬಂಧ ಮುರಿಸಿ, ತಾನೇ ಮದುವೆಯಾಗುತ್ತಾನೆ.

ಮದುವೆಯಾದ ರಾತ್ರಿ ರೈಲಿನ ಬೋಗಿ. ಅವನು ಮುತ್ತಿಡಲು ಬಗ್ಗುತ್ತಾನೆ, ಅವಳು ಕಣ್ಣು ಮುಚ್ಚುತ್ತಾಳೆ. ಅಲ್ಲೇ ನಿಲ್ಲಿಸುತ್ತಾನೆ. ಯಾರನ್ನು ನೆನೆಸಿಕೊಳ್ಳುತ್ತಿದ್ದೀಯ? ನಿಮ್ಮನ್ನೇ ಅಂದರೆ ನಂಬುವುದಿಲ್ಲ. ಅಲ್ಲಿಂದ ಶುರು. ಹೋಟೆಲಿನಲ್ಲಿ ಪಕ್ಕದ ರೂಮಿನವನು ಇಣುಕುತ್ತಿದ್ದಾನೆ ಅಂತ ಬೀಗದ ತೂತಿಗೆ ಹೆಣಿಗೆ ಕಡ್ಡಿ ತೂರಿಸುತ್ತಾನೆ. ಪಾರ್ಟಿಯಲ್ಲಿ ನನ್ನ ವಕೀಲನ ಜೊತೆ ಚೆನ್ನಾಗಿ ಮಾತಾಡು ಅಂತ ಅವನೇ ಹೇಳುತ್ತಾನೆ, ಮಾತಾಡಿದ್ದಕ್ಕೆ ಅವನೇ ಉರಿದು ಬೀಳುತ್ತಾನೆ. ಗಂಟೆ ಗೋಪುರದ ಮೇಲಕ್ಕೆ ಕರೆದುಕೊಂಡು ಹೋಗಿ ತಳ್ಳಲು ನೋಡುತ್ತಾನೆ. ಇನ್ನೊಂದು ರಾತ್ರಿ ಹಗ್ಗ, ಬ್ಲೇಡು, ಸೂಜಿ ದಾರ ಹಿಡಿದು ಅವಳ ಮಂಚದ ಹತ್ತಿರ ಬರುತ್ತಾನೆ.

ಇಷ್ಟೆಲ್ಲ ಆದರೂ ಗಟ್ಟಿಯಾಗಿ ಕೂತು ನೋಡಿದೆ. ಕೂರಲಾಗದಂತೆ ಮಾಡಿದ್ದು ನಡುವೆ ಬರುವ ಎರಡು ಪುಟ್ಟ ದೃಶ್ಯ. ಗ್ಲೋರಿಯಾ ಅಮ್ಮನ ಹತ್ತಿರ ಹೋಗಿ ಹೇಳಿಕೊಳ್ಳುತ್ತಾಳೆ. ಅಷ್ಟರಲ್ಲಿ ಅವನು ಮೊದಲೇ ಬಂದು ಅತ್ತೆಯ ಹತ್ತಿರ ತನ್ನ ಕಷ್ಟ ತೋಡಿಕೊಂಡು ಹೋಗಿರುತ್ತಾನೆ. ಪಾಪ, ನೀನೇ ಸ್ವಲ್ಪ ಹೊಂದಿಕೊಂಡು ಹೋಗು ಅನ್ನುತ್ತಾಳೆ ಅಮ್ಮ. ಪಾದ್ರಿಯ ಹತ್ತಿರ ಹೋದರೆ ಅಲ್ಲೂ ಅದೇ. ತಪ್ಪು ಅವಳದ್ದೇ. ಅಷ್ಟು ಒಳ್ಳೆ ಮನುಷ್ಯ, ಅಷ್ಟು ದೈವಭಕ್ತ!

ಅವನಿಗೆ ಹುಚ್ಚು ಸರಿ. ಇವರಿಗೆಲ್ಲ ಏನಾಗಿತ್ತು?

ಕರಾವಳಿ ಕಾಗೆ | 9:42

ನಾನು ಇದನ್ನು ಹಿಂದೆ ನೋಡಿದ್ದೇನೆ. ಬೈಯಬೇಡಿ ಮಾರಾಯ್ರೆ, ನಾನು ನಕ್ಕಿದ್ದೆ. ಆ ಬೀಗದ ತೂತಿನ ಕಡ್ಡಿ ದೃಶ್ಯದಲ್ಲಿ ಜೋರಾಗಿಯೇ ನಕ್ಕಿದ್ದೆ. ಸೂಟು ಬೂಟು ಹಾಕಿದ ಗಂಭೀರ ಮನುಷ್ಯ, ಬಾಗಿಲ ಮುಂದೆ ಬಗ್ಗಿ ಕಡ್ಡಿ ಚುಚ್ಚುವುದು! ಇದು ಥ್ರಿಲ್ಲರ್ ಅಂತ ನೋಡಿದರೆ ಒಂದು ತರಹ, ಕಾಮಿಡಿ ಅಂತ ನೋಡಿದರೆ ಇನ್ನೂ ಚೆನ್ನಾಗಿದೆ. ಬುನ್ಯುಯೆಲ್ ಬೇಕಂತಲೇ ಹಾಗೆ ಮಾಡಿದ್ದು ಅಂತ ನನ್ನ ಲೆಕ್ಕ.

ಹಳೇ ರೀಲು | 10:05

ಕಾಗೆಯವರೇ, ನೀವೊಬ್ಬರೇ ಅಲ್ಲ. ಮೆಕ್ಸಿಕೋದಲ್ಲಿ ಬಿಡುಗಡೆಯಾದಾಗ ನಿರ್ಮಾಪಕ ಡಾನ್ಸಿಗರ್ಸ್ ಥಿಯೇಟರಿನಿಂದ ಗಾಬರಿಯಾಗಿ ಹೊರಗೆ ಬಂದರಂತೆ: ಜನ ನಗ್ತಿದ್ದಾರೆ! ಅದೂ ಇದೇ ಕಡ್ಡಿ ದೃಶ್ಯಕ್ಕೆ. ಬುನ್ಯುಯೆಲ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಒಂದೆರಡು ಮೂರು ವಾರ ಓಡಿದ್ದೂ ಹೀರೋ ಹೆಸರಿನ ಮೇಲೆ.

ಆ ಹೀರೋ ವಿಷಯ ಗಮನಿಸಿ. ಆರ್ತುರೋ ದೆ ಕೊರ್ದೊವಾ ಆಗ ಅಲ್ಲಿನ ಪ್ರೇಮಕಥೆಗಳ ನಾಯಕ. ಹೆಂಗಸರು ಮುಗಿಬಿದ್ದು ನೋಡುತ್ತಿದ್ದ ಮುಖ. ಅವನನ್ನು ಕರೆತಂದು ಈ ಪಾತ್ರ ಕೊಟ್ಟರು. ಅವನ ಹಿಂದಿನ ಸಿನಿಮಾಗಳಲ್ಲಿ ಯಾವುದನ್ನು ‘ಆಹಾ, ಎಂಥ ಪ್ರೀತಿ’ ಅಂದುಕೊಂಡಿದ್ದರೋ, ಅದೇ ನೋಟ, ಅದೇ ಮಾತು ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ.

ಪುಟ್ಟಣ್ಣ ಕಣಗಾಲ್ ‘ಮಾನಸ ಸರೋವರ’ದಲ್ಲಿ (1982) ಇದೇ ಆಟ ಆಡಿದ್ದಾರೆ ನೋಡಿ. ‘ಪ್ರಣಯರಾಜ’ ಶ್ರೀನಾಥ್ ಅವರನ್ನೇ ತಂದು ಮನೋವೈದ್ಯನ ಪಾತ್ರ ಕೊಟ್ಟರು. ರೋಗಿಯನ್ನು ವಾಸಿ ಮಾಡುತ್ತಾ ಮಾಡುತ್ತಾ ಅವಳ ಮೇಲೆ ಮನಸ್ಸಿಟ್ಟು, ಅವಳು ಇನ್ನೊಬ್ಬನನ್ನು ಪ್ರೀತಿಸುತ್ತಾಳೆ ಅಂತ ಗೊತ್ತಾದಾಗ ತಾನೇ ಹುಚ್ಚನಾಗುತ್ತಾನೆ. ಎಸ್‌ಪಿಬಿ ಹಾಡಿದ ಗಿಣಿ ಹದ್ದಿನ ಹಾಡು ಎಲ್ಲರಿಗೂ ಗೊತ್ತು. ಆ ಹಾಡು ಕೇಳಿ ನಾವೆಲ್ಲ ಡಾಕ್ಟರ ಪರ ಅತ್ತಿದ್ದೇವೆ. ಆ ಹುಡುಗಿ ಏನು ತಪ್ಪು ಮಾಡಿದಳು? ವಾಸಿಯಾದಳು, ತನಗಿಷ್ಟ ಬಂದವನನ್ನು ಮೆಚ್ಚಿದಳು. ಅಷ್ಟಕ್ಕೇ ಹದ್ದು!

ಸಿಂಗಲ್ ಸ್ಕ್ರೀನ್ | 10:31

ಪುಟ್ಟಣ್ಣನವರ ಬಗ್ಗೆ ಹಾಗೆಲ್ಲ ಹೇಳಬೇಡಿ ಸಾರ್, ಬೇಜಾರಾಗುತ್ತೆ 😀

ಆದರೆ ಒಂದು ಒಪ್ಪಿಕೊಳ್ಳುತ್ತೇನೆ. 2000ದಲ್ಲಿ ‘ಪ್ರೀತ್ಸೆ’ ಬಂದಾಗ ನಾನು ಎಸ್ಸೆಸ್ಸೆಲ್ಸಿ. ಶಾರುಖ್ ‘ಡರ್’ನಲ್ಲಿ ಮಾಡಿದ್ದನ್ನು ಉಪೇಂದ್ರ ಇಲ್ಲಿ ಮಾಡಿದ್ದರು. ಹೀರೋ ಶಿವಣ್ಣ. ಥಿಯೇಟರಿನಲ್ಲಿ ಶಿಳ್ಳೆ ಯಾರಿಗೆ ಬಿತ್ತು ಅಂದರೆ, ಹುಡುಗಿಯನ್ನು ಹೆದರಿಸುತ್ತಾ ಬೆನ್ನು ಹತ್ತಿದ ಉಪ್ಪಿಗೆ! ನಾನೂ ಹೊಡೆದವನೇ. ಮನೆಗೆ ಬಂದು ಅದೇ ಡೈಲಾಗ್ ಹೇಳಿಕೊಂಡು ಓಡಾಡಿದ್ದೂ ಉಂಟು. ಈಗ ನನಗೆ ಮಗಳಿದ್ದಾಳೆ. ಟ್ಯೂಷನ್ನಿಂದ ಅವಳು ಬರುವಾಗ ದಿನಾ ಒಬ್ಬ ಬೈಕಿನಲ್ಲಿ ಹಿಂದೆ ಬರುತ್ತಿದ್ದ ಅಂತ ಗೊತ್ತಾದಾಗ, ಆ ಶಿಳ್ಳೆ ನೆನಪಾಯಿತು.

2013ರಿಂದ ಇದು ಅಪರಾಧ ಅಂತ ಕಾನೂನಿನಲ್ಲಿದೆ, ಈಗಿನ ನ್ಯಾಯ ಸಂಹಿತೆಯಲ್ಲಿ 78ನೇ ಸೆಕ್ಷನ್. ಸ್ಟೇಷನ್ನಿಗೆ ಹೋದ ಮೇಲೆ ಕಲಿತದ್ದು.

ಬಾಲ್ಕನಿ ಟಿಕೆಟ್ | 10:50

ಮಗಳು ಈಗ ಆರಾಮಾ?

ಸಿಂಗಲ್ ಸ್ಕ್ರೀನ್ | 10:52

ಆರಾಮ. ಅವಳಿಗಿಂತ ನಾನೇ ಜಾಸ್ತಿ ಹೆದರಿದ್ದೆ.

ಸವದತ್ತಿ ರಸ್ತೆ | 11:15

ಮೆಕ್ಸಿಕೋ ತನಕ ಯಾಕ ಹೋಗಬೇಕ್ರಿ, ನಮ್ಮ ಯಲ್ಲಮ್ಮನ ಕಥಿ ನೋಡ್ರಿ. ರೇಣುಕಾ ದಿನಾ ಹಸಿ ಮರಳಿನ ಕೊಡ ಮಾಡಿ, ಹಾವಿನ ಸಿಂಬಿ ಇಟ್ಟು, ಗಂಡನ ಪೂಜೆಗೆ ನೀರು ತರ್ತಿದ್ದಳು. ಒಂದು ದಿನ ಹೊಳಿಯೊಳಗ ಗಂಧರ್ವರು ನೀರಾಟ ಆಡೋದು ಕಣ್ಣಿಗೆ ಬಿತ್ತು. ಒಂದು ಗಳಿಗೆ ಮನಸ್ಸು ಅತ್ತ ಹೋತು, ಕೊಡ ನಿಲ್ಲಲಿಲ್ಲ. ಬರಿಗೈಲೆ ಬಂದ ಹೆಂಡತಿನ್ನ ನೋಡಿ ಜಮದಗ್ನಿ ಏನಂದ? ಮಕ್ಕಳನ್ನ ಕರೆದು ತಾಯಿ ತಲಿ ಕಡೀರಿ ಅಂದ.

ರೈಲಿನಾಗ ಕಣ್ಣು ಮುಚ್ಚಿದ್ದಕ್ಕ ಸಂಶಯ, ಇಲ್ಲಿ ಕಣ್ಣು ತೆರೆದಿದ್ದಕ್ಕ ಸಂಶಯ. ಹೆಂಗಸು ಕಣ್ಣು ಏನು ಮಾಡಬೇಕು ಅಂತೀನಿ.

ಒಂದು ಸಮಾಧಾನ ಐತಿ. ನಮ್ಮ ಮಂದಿ ಹುಣ್ಣಿವಿಗೆ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕ ಹೋಗಿ ಉಧೋ ಉಧೋ ಅನ್ನೋದು ಯಲ್ಲಮ್ಮಗ. ಜಮದಗ್ನಿಗೆ ಅಲ್ಲ.

ಕನ್ನಡ ಮೇಷ್ಟ್ರು | 11:48

ಸವದತ್ತಿಯವರು ಒಳ್ಳೆ ಎಳೆ ಹಿಡಿದರು. ನನಗೆ ಸಿನಿಮಾದ ಮೊದಲ ಭಾಗ ಓದಿದಾಗ ಜನ್ನನ ‘ಅನಂತನಾಥ ಪುರಾಣ’ ನೆನಪಾಯಿತು. 1230ರ ಕಾವ್ಯ. ಅದರಲ್ಲಿ ಚಂಡಶಾಸನ ಎಂಬ ರಾಜ ತನ್ನ ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಹೋಗುತ್ತಾನೆ. ಗೆಳೆಯನ ಹೆಂಡತಿ ಸುನಂದೆಯನ್ನು ನೋಡುತ್ತಾನೆ. ಅಲ್ಲಿಗೆ ಮುಗಿಯಿತು. ಅನ್ನ ತಿಂದ ಮನೆಯ ಹೆಣ್ಣನ್ನೇ ಹೊತ್ತೊಯ್ಯುತ್ತಾನೆ. ಅವಳು ಒಲಿಯುವುದಿಲ್ಲ. ಕೊನೆಗೆ ಮಾಯೆಯಿಂದ ಮಾಡಿದ ಗಂಡನ ತಲೆಯನ್ನು ತೋರಿಸುತ್ತಾನೆ. ಗಂಡ ಸತ್ತ, ಇನ್ನಾದರೂ ಒಪ್ಪುತ್ತಾಳೆ ಅಂತ. ಅವಳು ಅದನ್ನು ನೋಡಿ ಪ್ರಾಣ ಬಿಡುತ್ತಾಳೆ. ಅವನು ಅವಳ ಚಿತೆಗೇ ಬೀಳುತ್ತಾನೆ.

ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಹುಡುಗರು ‘ಎಂಥಾ ಲವ್ ಸಾರ್’ ಅಂದುಬಿಡುತ್ತಾರೆ. ಚಿತೆಗೆ ಬಿದ್ದನಲ್ಲ, ಅದಕ್ಕೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಸುನಂದೆ ಅವನ ಜೊತೆ ಉರಿಯುವುದಕ್ಕೆ ಒಪ್ಪಿದ್ದಳೇನ್ರೋ? ಸತ್ತ ಮೇಲೂ ಅವಳಿಗೆ ಅವನಿಂದ ಬಿಡುಗಡೆ ಇಲ್ಲ.

ಇನ್ನೊಂದು, ಕನ್ನಡದಲ್ಲಿ ನಾವು ‘ಹೊಟ್ಟೆಕಿಚ್ಚು’ ಅಂತ ಪಕ್ಕದ ಮನೆಯವನು ಕಾರು ತಗೊಂಡರೂ ಹೇಳುತ್ತೇವೆ. ಗಂಡ ಹೆಂಡತಿಯ ನಡುವಿನದಕ್ಕೆ ಬಳಸುವುದು ‘ಅನುಮಾನ’. ಸರಿಯಾದ ಮಾತೇ ಅದು. ಕಿಚ್ಚಿಗೆ ಎದುರಿಗೆ ಏನಾದರೂ ಇರಬೇಕು. ಅನುಮಾನಕ್ಕೆ ಏನೂ ಬೇಡ.

ಎರಡನೇ ಇನಿಂಗ್ಸ್ | ಮಧ್ಯಾಹ್ನ 1:20

ಇಲ್ಲಿ ಬರೆಯಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚಿಸುತ್ತಿದ್ದೆ. ಸಿನಿಮಾ ನಾನು ನೋಡಿಲ್ಲ. ಹೆಸರಿನ ಅರ್ಥ ‘ಅವನು’ ಅಂತ ಓದಿ ಅಲ್ಲೇ ನಿಂತೆ. ಹನ್ನೊಂದು ವರ್ಷ ‘ಅವರು’ ಅಂದವಳು ನಾನು. ಬಿಟ್ಟು ಬಂದ ಮೇಲೂ ‘ಅವನು’ ಅನ್ನಲು ನಾಲಿಗೆ ಹೊರಳಿದ್ದು ಎರಡು ವರ್ಷ ಕಳೆದ ಮೇಲೆ.

ಹೊಡೆಯುತ್ತಿರಲಿಲ್ಲ. ಕುಡಿಯುತ್ತಿರಲಿಲ್ಲ. ಬೀದಿಯವರೆಲ್ಲ ಚಿನ್ನದಂಥ ಮನುಷ್ಯ ಅನ್ನುತ್ತಿದ್ದರು.

ನನ್ನ ಸ್ಕೂಟಿಯ ಕಿಲೋಮೀಟರ್ ಬರೆದಿಡುತ್ತಿದ್ದ. ದಿನಾ ಬೆಳಗ್ಗೆ, ನಾನು ಹೊರಡುವ ಮುಂಚೆ. ಅಡುಗೆ ಮನೆಯ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ, ಪೆನ್ಸಿಲ್‌ನಲ್ಲಿ, ಸಣ್ಣ ಅಕ್ಷರದಲ್ಲಿ. ಮನೆಯಿಂದ ಆಫೀಸಿಗೆ 7. ಹೋಗಿ ಬಂದರೆ 14. ಎರಡು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ. ಹಾಲಿನ ಲೆಕ್ಕ ಅಂದುಕೊಂಡಿದ್ದೆ. ಒಂದು ದಿನ ಪೈಪ್‌ಲೈನ್‌ಗೆ ರಸ್ತೆ ಅಗೆದಿದ್ದರು, ಸುತ್ತಿ ಬಂದೆ. ಅವತ್ತು 17 ಆಯಿತು. ಆ ಮೂರು ಕಿಲೋಮೀಟರಿಗೆ ನಾಲ್ಕು ರಾತ್ರಿ ಲೆಕ್ಕ ಕೊಟ್ಟಿದ್ದೇನೆ. ಎಲ್ಲಿ ಅಗೆದಿದ್ದರು, ಯಾವ ಅಂಗಡಿ ಮುಂದೆ ತಿರುಗಿದೆ, ಅಲ್ಲಿ ಯಾರಿದ್ದರು. ಐದನೇ ದಿನ ಅವನೇ ಹೋಗಿ ಗುಂಡಿ ನೋಡಿ ಬಂದ. ಬಂದು, ಗುಂಡಿ ಇದೆ ನಿಜ, ಆದರೆ ನಿನಗೆ ಮೊದಲೇ ಗೊತ್ತಿತ್ತು ಅಂದ.

ಅಮ್ಮನಿಗೆ ಹೇಳಿದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೆ, ನಿನ್ನ ಮೇಲೆ ಅಷ್ಟು ಪ್ರೀತಿ ಇರೋದಕ್ಕೇ ಅಲ್ವಾ ಅಂದಳು. ಹಿಂದಿನ ದಿನ ತಾನೇ ಅವನು ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದನಂತೆ. ಟಿಕೆಟ್‌ನವರೇ, ನೀವು ಬರೆದ ಆ ದೃಶ್ಯ ಓದಿ ಮೊಬೈಲ್ ಮಗುಚಿ ಇಟ್ಟುಬಿಟ್ಟೆ.

ಆ ಗಾದೆ ಕಟ್ಟಿದವರ ಮನೆಯಲ್ಲಿ ಉಂಡ ಮೇಲೆ ಜಗಳ ಮುಗಿಯುತ್ತಿತ್ತೇನೋ. ನಮ್ಮ ಮನೆಯಲ್ಲಿ ಉಂಡ ಮೇಲೆಯೇ ಶುರುವಾಗುತ್ತಿದ್ದದ್ದು.

ಸವದತ್ತಿ ರಸ್ತೆ | 1:34

ಅಕ್ಕಾರ, ಓದಿದೆ. ಏನು ಬರೀಬೇಕು ತಿಳಿವಲ್ದು.

ರಾತ್ರಿ ಪಾಳಿ | 3:05

ಈಗ ಎದ್ದೆ, ಎಲ್ಲ ಓದಿದೆ. ನಾನು ಮನೋರೋಗ ವಾರ್ಡಿನಲ್ಲಿ ನರ್ಸ್. ಎರಡನೇ ಇನಿಂಗ್ಸ್ ಅಕ್ಕ, ನೀವು ಬರೆದ ಆ ಒಂದು ವಾಕ್ಯ ಇದೆಯಲ್ಲ, ‘ಗುಂಡಿ ಇದೆ ನಿಜ, ಆದರೆ ನಿನಗೆ ಮೊದಲೇ ಗೊತ್ತಿತ್ತು’, ನಮ್ಮಲ್ಲಿ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಸಾಕ್ಷಿ ಸಿಕ್ಕರೆ ಮಾಮೂಲಿ ಅನುಮಾನ ಇಳಿಯುತ್ತದೆ. ರೋಗವಾಗಿದ್ದರೆ ಸಾಕ್ಷಿಯನ್ನೂ ನುಂಗಿ ಇನ್ನಷ್ಟು ಬೆಳೆಯುತ್ತದೆ.

ಪುಸ್ತಕದಲ್ಲಿ ಇದಕ್ಕೆ ಒಥೆಲೋ ಸಿಂಡ್ರೋಮ್ ಅನ್ನುತ್ತಾರೆ. ಟಾಡ್, ಡ್ಯೂಹರ್ಸ್ಟ್ ಎಂಬಿಬ್ಬರು 1955ರಲ್ಲಿ ಇಟ್ಟ ಹೆಸರು. ಲೆಕ್ಕ ಹಾಕಿದರೆ ಈ ಸಿನಿಮಾ ಬಂದು ಎರಡು ವರ್ಷಕ್ಕೆ. ನನಗೆ ಆ ಹೆಸರು ಅಷ್ಟು ಸರಿ ಅನ್ನಿಸುವುದಿಲ್ಲ. ಷೇಕ್ಸ್‌ಪಿಯರನ ನಾಟಕದಲ್ಲಿ ಒಥೆಲೋನ ಕಿವಿಗೆ ಇಯಾಗೋ ಎಂಬವನು ಹೆಂಡತಿಯ ಬಗ್ಗೆ ವಿಷ ಹಾಕುತ್ತಾನೆ. ನಮ್ಮ ವಾರ್ಡಿಗೆ ಬರುವವರಿಗೆ ಇಯಾಗೋ ಬೇಕಿಲ್ಲ, ಫ್ರಾನ್ಸಿಸ್ಕೋಗೂ ಬೇಕಿರಲಿಲ್ಲ.

ಕುಡಿತದ ಜೊತೆ ಇದು ಜಾಸ್ತಿ ನೋಡುತ್ತೇವೆ. ಎಷ್ಟೋ ಸಲ ಕುಡಿತ ಬಿಡಿಸಲು ಅಂತ ಸೇರಿಸಿರುತ್ತಾರೆ, ನಾಲ್ಕನೇ ದಿನ ಹೆಂಡತಿ ಮೆಲ್ಲಗೆ ಬಂದು ಇದನ್ನು ಹೇಳುತ್ತಾಳೆ. ಪಾರ್ಕಿನ್‌ಸನ್‌ಗೆ ಕೊಡುವ ಕೆಲವು ಔಷಧಿಗಳಿಂದಲೂ ಕೆಲವರಲ್ಲಿ ಬರುತ್ತದೆ, ಡೋಸ್ ಸರಿ ಮಾಡಿದರೆ ಇಳಿಯುವುದುಂಟು. ಹೆಂಗಸರಿಗೂ ಬರುತ್ತದೆ. ಚಿಕಿತ್ಸೆ ಇದೆ, ಮಾತ್ರೆ ಇದೆ. ಕಷ್ಟ ಏನೆಂದರೆ ತಾನೇ ಮೋಸ ಹೋದವನು ಅಂತ ಅವನ ಲೆಕ್ಕ. ಮೋಸ ಹೋದವನು ಆಸ್ಪತ್ರೆಗೆ ಯಾಕೆ ಬರುತ್ತಾನೆ? ಹಾಗಾಗಿ ನಾವು ಮೊದಲು ಕೇಳುವುದು ಹೆಂಡತಿ ಮಕ್ಕಳು ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ. ಔಷಧಿ ಆಮೇಲೆ.

ಸುಮ್ಮನೆ ಓದುತ್ತಿರುವವರು ಯಾರಾದರೂ ಇದ್ದರೆ: ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕರಾವಳಿ ಕಾಗೆ | 3:40

ಅಕ್ಕ, ಬೆಳಗ್ಗೆ ನಕ್ಕೆ ಅಂತ ಬರೆದಿದ್ದಕ್ಕೆ ಈಗ ಮುಜುಗರ ಆಗುತ್ತಿದೆ. ಅಳಿಸುವುದಿಲ್ಲ, ಇರಲಿ.

ನರ್ಸ್ ಅವರಿಗೆ ಒಂದು ಪ್ರಶ್ನೆ. ಕೊನೆಯಲ್ಲಿ ಫ್ರಾನ್ಸಿಸ್ಕೋ ಕೊಲಂಬಿಯಾದ ಮಠ ಸೇರಿರುತ್ತಾನೆ. ವರ್ಷಗಳಾದ ಮೇಲೆ ಗ್ಲೋರಿಯಾ, ರಾವುಲ್ ಒಬ್ಬ ಹುಡುಗನ ಜೊತೆ ಅಲ್ಲಿಗೆ ಬರುತ್ತಾರೆ. ಹುಡುಗನ ಹೆಸರೂ ಫ್ರಾನ್ಸಿಸ್ಕೋ. ನಿಮ್ಮ ಮಗನಾ ಅಂತ ಮಠದ ಹಿರಿಯರು ಕೇಳಿದರೆ ನೇರ ಉತ್ತರ ಇಲ್ಲ. ಇವನು ದೂರದಿಂದ ಅವರನ್ನು ನೋಡಿ, ನೋಡಿದಿರಾ, ನಾನು ಅಂದುಕೊಂಡಿದ್ದು ಅಷ್ಟೇನೂ ಹುಚ್ಚಲ್ಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಅಂದರೆ ಅವನ ಅನುಮಾನ ನಿಜವೇ ಆಯಿತಾ?

ರಾತ್ರಿ ಪಾಳಿ | 4:02

ಅವಳು ಅವನನ್ನು ಬಿಟ್ಟ ಮೇಲೆ ರಾವುಲ್ ಜೊತೆ ಹೋದಳು. ಹೊಡೆತ ತಿಂದ ಮನೆ ಬಿಟ್ಟು ನೆರಳಿದ್ದ ಕಡೆ ಹೋಗುವುದು ತಪ್ಪಾ?

ಅದು ಹಾಗಿರಲಿ. ಒಂದು ಪಕ್ಷ ಹೆಂಡತಿಗೆ ನಿಜವಾಗಿಯೂ ಬೇರೆ ಸಂಬಂಧ ಇದ್ದರೂ ಗಂಡನದ್ದು ರೋಗವೇ ಆಗಿರಬಹುದು. ಪಠ್ಯದಲ್ಲಿ ಹೇಳುವುದೂ ಇದನ್ನೇ. ಅವಳು ಏನು ಮಾಡಿದಳು ಅನ್ನುವುದರಿಂದ ರೋಗ ತೀರ್ಮಾನ ಆಗುವುದಿಲ್ಲ. ಅವನು ಆ ತೀರ್ಮಾನಕ್ಕೆ ಹೇಗೆ ಬಂದ ಅಂತ ನೋಡುತ್ತಾರೆ. ಕಣ್ಣು ಮುಚ್ಚಿದ್ದರಿಂದ, ಕಿಲೋಮೀಟರಿನಿಂದ ಬಂದಿದ್ದರೆ, ಉತ್ತರ ತಾಳೆಯಾದರೂ ಲೆಕ್ಕ ತಪ್ಪು.

ಹಳೇ ರೀಲು | 4:30

ಪಾಳಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಪ್ಯಾರಿಸ್ಸಿನಲ್ಲಿ ಮನೋವೈದ್ಯರಿಗೆ ಅಂತಲೇ ಈ ಸಿನಿಮಾ ತೋರಿಸಿದಾಗ ಹೆಸರಾಂತ ಫ್ರೆಂಚ್ ಮನೋವಿಶ್ಲೇಷಕ ಜಾಕ್ ಲಕಾನ್ ನೋಡಿದರು. ಆಮೇಲೆ ತಮ್ಮ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಜನ ನಕ್ಕ ಸಿನಿಮಾ ಪಾಠವಾಯಿತು.

ಅದಕ್ಕೆ ಕಾರಣ ಬುನ್ಯುಯೆಲ್ ಒಬ್ಬರೇ ಅಲ್ಲ. ಇದರ ಮೂಲ ಮೆರ್ಸೆದೆಸ್ ಪಿಂಟೊ ಎಂಬ ಹೆಂಗಸಿನ ಕಾದಂಬರಿ. ಕೆನರಿ ದ್ವೀಪದವಳು. ಅವಳ ಗಂಡನಿಗೇ ಈ ಕಾಯಿಲೆ ಇತ್ತು. 1923ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ಭಾಷಣ ಮಾಡಿದಳು: ವಿಚ್ಛೇದನ ಅಂದರೆ ಆರೋಗ್ಯ ಕಾಪಾಡುವ ಒಂದು ಕ್ರಮ ಅಂತ. ಆಗಿನ ಸ್ಪೇನಿನಲ್ಲಿ ವಿಚ್ಛೇದನ ಅನ್ನುವುದೇ ಇರಲಿಲ್ಲ, ಮೇಲೆ ಸರ್ವಾಧಿಕಾರಿ ಬೇರೆ. ದೇಶ ಬಿಡಬೇಕಾಯಿತು. ಮಕ್ಕಳನ್ನು ಕಟ್ಟಿಕೊಂಡು ಉರುಗ್ವೆಗೆ ಹೋಗಿ, 1926ರಲ್ಲಿ ಅಲ್ಲಿ ಈ ಕಾದಂಬರಿ ತಂದಳು. ರೈಲಿನ ಆ ಪ್ರಶ್ನೆಯಂಥದ್ದೆಲ್ಲ ಕೂತು ಊಹಿಸಿದರೆ ಬರುವುದಿಲ್ಲ ಅನ್ನಿಸುತ್ತದೆ ನನಗೆ. ಯಾರೋ ಒಬ್ಬಳು ಅದನ್ನು ಕೇಳಿಸಿಕೊಂಡಿರಬೇಕು.

ಕಾದಂಬರಿಯ ಹೆಸರೂ ‘ಅವನು’. ಗಂಡನ ಹೆಸರು ಹಾಕಲಿಲ್ಲ ಪುಣ್ಯಾತ್ಗಿತ್ತಿ.

ಕನ್ನಡ ಮೇಷ್ಟ್ರು | 5:10

ಹಾಗಾದರೆ ನಮ್ಮ ತ್ರಿವೇಣಿಯವರನ್ನೂ ನೆನೆಯಬೇಕು. ‘ಶರಪಂಜರ’ ಕಾದಂಬರಿಯ ಕಾವೇರಿ ಹುಚ್ಚು ವಾಸಿಯಾಗಿ ಮನೆಗೆ ಬಂದಿರುತ್ತಾಳೆ. ಆದರೆ ಜೋರಾಗಿ ನಕ್ಕರೂ ತಪ್ಪು, ಸುಮ್ಮನಿದ್ದರೂ ತಪ್ಪು. ಮನೆಯವರು, ಕೆಲಸದವರು, ಬೀದಿಯವರು ಎಲ್ಲರೂ ಕಾಯುತ್ತಿರುತ್ತಾರೆ. ಅಲ್ಲಿ ವಾಸಿಯಾದ ಹೆಂಗಸನ್ನು ಯಾರೂ ನಂಬುವುದಿಲ್ಲ, ಇಲ್ಲಿ ರೋಗ ಹಿಡಿದ ಗಂಡಸನ್ನು ಎಲ್ಲರೂ ನಂಬುತ್ತಾರೆ. 1971ರಲ್ಲಿ ಪುಟ್ಟಣ್ಣ ಸಿನಿಮಾ ಮಾಡಿದಾಗ ಕಲ್ಪನಾ ಅವರ ನಗು ನೋಡಿ ಜನ ಬೆಚ್ಚಿದರು. ತ್ರಿವೇಣಿಯವರು ಅದನ್ನು ನೋಡಲು ಇರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು.

ಸಿಂಗಲ್ ಸ್ಕ್ರೀನ್ | 5:25

ನೋಡಿದಿರಾ, ಕೊನೆಗೆ ಪುಟ್ಟಣ್ಣ ಗೆದ್ದರು 😀

ಬಾಲ್ಕನಿ ಟಿಕೆಟ್ | 6:00

ಗೆದ್ದರು, ಒಪ್ಪಿದೆ.

ಮೆಟ್ಟಿಲಿನ ದೃಶ್ಯದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ರಾತ್ರಿ. ದೊಡ್ಡ ಬಂಗಲೆ. ಫ್ರಾನ್ಸಿಸ್ಕೋ ಮೆಟ್ಟಿಲ ಮೇಲೆ ಅಡ್ಡಾದಿಡ್ಡಿ ನಡೆಯುತ್ತಾನೆ. ಆಮೇಲೆ ಕೂತು, ಮೆಟ್ಟಿಲ ಹಾಸಿನ ಕಂಬಿ ಕಿತ್ತುಕೊಂಡು ಕಟಕಟೆಗೆ ಬಡಿಯತೊಡಗುತ್ತಾನೆ. ಒಂದೇ ಸಮ. ಮಾತಿಲ್ಲ. ಒಳಗೆ ಗ್ಲೋರಿಯಾಗೆ ಅದು ಕೇಳಿಸುತ್ತಲೇ ಇರುತ್ತದೆ. ಪಿಸ್ತೂಲಿಗಿಂತ ಆ ಸದ್ದು ಕೆಟ್ಟದ್ದು. ಕೊನೆಯಲ್ಲಿ ಮಠದ ತೋಟದಲ್ಲೂ ಅವನು ಅದೇ ಅಡ್ಡಾದಿಡ್ಡಿ ನಡಿಗೆಯಲ್ಲಿ ಹೋಗುತ್ತಾನೆ. ಸನ್ಯಾಸಿ ನಿಲುವಂಗಿ ಬಂದಿದೆ, ಕಾಲು ಮಾತ್ರ ಹಳೇದೇ.

ಎರಡನೇ ಇನಿಂಗ್ಸ್ | ಭಾನುವಾರ ಬೆಳಗ್ಗೆ 7:35

ರಾತ್ರಿ ಧೈರ್ಯ ಬರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಕಾಫಿ ಮಾಡಿಕೊಂಡು, ಕಿಟಕಿ ಎಲ್ಲ ತೆಗೆದಿಟ್ಟು ನೋಡಿದೆ. ಮೆಟ್ಟಿಲಿನ ದೃಶ್ಯಕ್ಕೆ ಸೌಂಡ್ ಆಫ್ ಮಾಡಿದೆ. ಟಿಕೆಟ್‌ನವರೇ, ಮೊದಲೇ ಹೇಳಿದ್ದಕ್ಕೆ ಥ್ಯಾಂಕ್ಸ್.

ಗೋಪುರದ ಮೇಲೆ ಕೆಳಗಿನ ಜನರನ್ನು ನೋಡಿ ಹುಳುಗಳು ಅನ್ನುತ್ತಾನಲ್ಲ, ಅಲ್ಲಿ ನನಗೆ ಭಯವಾಗಲಿಲ್ಲ. ವಕೀಲರಿಗೆ ಪತ್ರ ಟೈಪ್ ಮಾಡಲು ಕೂತು, ಆಗದೆ ಹೆಂಡತಿಯ ಮುಂದೆ ಅಳುತ್ತಾನೆ ನೋಡಿ, ಅಲ್ಲಿ ಆಯಿತು. ಯಾಕೆಂದರೆ ಅಲ್ಲಿ ಅವಳಿಗೆ ಅಯ್ಯೋ ಅನ್ನಿಸುತ್ತದೆ. ನನಗೂ ಅನ್ನಿಸಿತು! ಇವತ್ತು ಬೆಳಗ್ಗೆ ಕೂಡ. ಹನ್ನೊಂದು ವರ್ಷ ನಾನು ಅಲ್ಲಿ ಉಳಿದಿದ್ದು ಆ ಅಯ್ಯೋದಲ್ಲೇ.

ಆಮೇಲೆ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಕೇಸು ಹಾಕಿದೆ. ಹೊಡೆತ ಇಲ್ಲದಿದ್ದರೂ ಮನಸ್ಸಿಗೆ ಕೊಟ್ಟ ಹಿಂಸೆಯೂ ಹಿಂಸೆಯೇ ಅಂತ ಅದರಲ್ಲಿದೆ. ಕ್ಯಾಲೆಂಡರ್ ಹಾಳೆಗಳನ್ನು ತೋರಿಸಿದಾಗ ನಮ್ಮ ವಕೀಲರು ತುಂಬಾ ಹೊತ್ತು ಮಾತಾಡಲಿಲ್ಲ. ಇಪ್ಪತ್ತೆರಡು ಹಾಳೆ ಇತ್ತು. ಅವನು ಅಷ್ಟು ಚೊಕ್ಕವಾಗಿ ಬರೆದಿಟ್ಟಿದ್ದು ಕೊನೆಗೆ ನನ್ನ ಕಡೆಯ ಸಾಕ್ಷಿಯಾಯಿತು.

ಅಮ್ಮ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಅರ್ಧ ಸಿನಿಮಾದಲ್ಲಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಭಾಷೆ ಗೊತ್ತಿಲ್ಲ, ಸಬ್‌ಟೈಟಲ್ ಓದಲು ಬರುವುದಿಲ್ಲ. ಆ ಹುಡುಗಿ ತಾಯಿ ಹತ್ತಿರ ಹೋಗೋ ಭಾಗ ಆಗಲೇ ಮುಗಿದಿತ್ತು, ಪುಣ್ಯ. ಕೊನೆಯಲ್ಲಿ ಆ ಸನ್ಯಾಸಿ ನಡೆಯುವುದನ್ನು ನೋಡಿ, ಯಾರೇ ಇವನು, ಕುಡಿದಿದಾನಾ ಅಂತ ಕೇಳಿದಳು. ಇಲ್ಲಮ್ಮ, ಕುಡಿಯಲ್ಲ, ಒಳ್ಳೆಯವನು ಅಂತ ಎಲ್ಲರೂ ಹೇಳ್ತಿದ್ದರು ಅಂದೆ.

ಅವಳು ಏನೂ ಹೇಳದೆ ನನ್ನ ಲೋಟ ತಗೊಂಡು ತೊಳೆಯಲು ಹೋದಳು.